ಮುಚ್ಚುವ ಕೆಲಸ

ಡೆನ್ಜಿಲ್ ತಂದದ್ದು ಕ್ಯಾಮ್‌ಶಾಫ್ಟ್ ಮಾತ್ರ.
ಹಳೆಯ ಬನಿಯನ್ನಿನಲ್ಲಿ ಸುತ್ತಿ, ಕುಕ್ ಟೌನಿನಿಂದ
ಸಿದ್ದಯ್ಯ ರಸ್ತೆಯವರೆಗೂ ಆಟೋದಲ್ಲಿ
ತೊಡೆಯ ಮೇಲಿಂದ ಇಳಿಸಲಿಲ್ಲವಂತೆ.
‘ಹತ್ತು ಪಾಯಿಂಟ್ ಎರಡು ಲಿಫ್ಟು, ವೇದಾ ಆಂಟಿ.’
ಹುಟ್ಟಿದ ಮಗುವಿನ ತೂಕ ಹೇಳುವ ದನಿ.

ಬಿಚ್ಚಿ ನೋಡಿದೆ. ಚೂಪು ಮೂಗಿನ ಲೋಬುಗಳು, ಎಣ್ಣೆ ಮಿರುಗು.
ಸ್ಪ್ರಿಂಗು?
‘ಇರೋದೇ ಹಾಕಿ. ಚೆನ್ನಾಗೇ ಇದೆಯಲ್ಲ.’

ಚೆನ್ನಾಗೇ ಇದೆ.
ಸೊಪ್ಪು ತರಲು, ಮಕ್ಕಳನ್ನು ಶಾಲೆಗೆ ಬಿಡಲು,
ಹೊಸೂರು ರಸ್ತೆಯಲ್ಲಿ ಒಂದನೇ ಗೇರಿನಲ್ಲೇ ಮುದಿಯಾಗಲು
ಕಂಪನಿ ಕೊಟ್ಟ ಸ್ಪ್ರಿಂಗು ಚೆನ್ನಾಗೇ ಇದೆ.
ನೀನದನ್ನು ಏಳೂವರೆ ಸಾವಿರಕ್ಕೆ ಎಳೆದೊಯ್ಯುತ್ತೀ.
ಎತ್ತು ಏರಿಗೆ, ಕೋಣ ನೀರಿಗೆ.

ಕ್ಯಾಮಿಗೆ ಗೊತ್ತಿರುವುದು ತೆರೆಯುವುದಷ್ಟೇ.
ತಳ್ಳುತ್ತದೆ, ತನ್ನ ಪಾಡಿಗೆ ತಿರುಗಿ ಹೋಗುತ್ತದೆ.
ಹೊರಟ ವಾಲ್ವನ್ನು ಮನೆಗೆ ಕರೆತರುವುದು ಸ್ಪ್ರಿಂಗು,
ನಿಮಿಷಕ್ಕೆ ಮೂರು ಸಾವಿರದ ಏಳುನೂರೈವತ್ತು ಸಲ.
ಕಾರಿನ ಗಾಜಿಗೆ ಸ್ಟಿಕ್ಕರು ಅಂಟಿಸುವುದು ಮಾತ್ರ
ಕ್ಯಾಮಿನ ಹೆಸರಲ್ಲಿ.

ಸೋತ ಸ್ಪ್ರಿಂಗಿನ ವಾಲ್ವು ತೇಲುತ್ತದೆ.
ಲೋಬು ಇಳಿದು ಹೋದರೂ ಅದು ಇನ್ನೂ ಅಲ್ಲೇ,
ಅಷ್ಟರಲ್ಲಿ ಕೆಳಗಿಂದ ಪಿಸ್ಟನ್ನು.
ಹಾರ್ಲಿಕ್ಸ್ ಬಾಟಲಿಯಲ್ಲಿ ಮೂರಿಟ್ಟಿದ್ದೇನೆ, ಕುತ್ತಿಗೆ ಸೊಟ್ಟಗಾದವು.
ಬಂದವರಿಗೆ ತೋರಿಸಲು. ಡೆನ್ಜಿಲ್ ಒಂದನ್ನು ಎತ್ತಿ
ಬೆಳಕಿಗೆ ಹಿಡಿದ. ಇಟ್ಟ.
‘ಹಾಗಾದರೆ ಇರೋದರಲ್ಲೆಲ್ಲ ಗಟ್ಟಿಯದು ಹಾಕಿಬಿಡಿ.’

ಡ್ರಮ್ಮಿನ ಮೇಲೆ ಕೂತ ಗೌಸ್ ಪೀರ್ ಚಾಚಾ ಕೆಮ್ಮಿದರು.
ಗಟ್ಟಿ ಅಂದ್ರೆ ಒಳ್ಳೇದು ಅಂತ ಯಾರು ಹೇಳಿದ್ದು ಬೇಟಾ?
ಯಾವನೋ ಲಾರಿಗಾಗುವಂಥದು ಹಾಕಿಸಿಕೊಂಡು ಹೋದ,
ತುಮಕೂರು ದಾಟೋದರೊಳಗೆ ಲೋಬಿನ ಮೂಗೇ ಇಲ್ಲ,
ಸಾಬೂನು ಸವೆದ ಹಾಗೆ.

ಅಳೆದೆ. ಕೂತಾಗ ಎತ್ತರ ಮೂವತ್ತಾರು.
ಹತ್ತು ಪಾಯಿಂಟ್ ಎರಡು ಕಳೆದರೆ ಇಪ್ಪತ್ತೈದು ಪಾಯಿಂಟ್ ಎಂಟು.
ಹಳೆಯ ಸ್ಪ್ರಿಂಗಿನ ಸುತ್ತುಗಳು ಇಪ್ಪತ್ತಾರೂವರೆಗೇ
ಒಂದರ ಮೇಲೊಂದು ಕೂತು ಕಬ್ಬಿಣದ ಕೊಳವೆಯಾಗುತ್ತವೆ.
ಉಗುರಿನಷ್ಟು ಜಾಗದ ಕೊರತೆ.
ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ;
ಇಲ್ಲಿ ಕಾಲು ಮೊದಲೇ ಬಂದಿದೆ.

ಕೊಯಮತ್ತೂರಿನಿಂದ ಹನ್ನೆರಡು ತರಿಸಿ ಎಂಟು ಆರಿಸಿದೆ.
ಕೂತಾಗ ಮೂವತ್ತೆರಡು ಕಿಲೋ, ಪೂರ್ತಿ ತೆರೆದಾಗ ಎಪ್ಪತ್ನಾಲ್ಕು.
ಪಿಸ್ಟನ್ನಿನ ತಲೆಗೆ ಚಪಾತಿ ಹಿಟ್ಟು ಮೆತ್ತಿ,
ಹೆಡ್ಡು ಕೂರಿಸಿ, ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿ
ಬ್ಲೇಡಿನಿಂದ ಕೊಯ್ದರೆ ಎರಡು ಮಿಲಿ ದಪ್ಪ. ಸಾಕು.

ಎಂಟನ್ನೂ ಬೆಂಚಿನ ಮೇಲೆ ಸಾಲಾಗಿ ನಿಲ್ಲಿಸಿದಾಗ
ಚಾಚಾ ಎದ್ದು ಬಂದು ಒಂದೊಂದನ್ನೇ ಹೆಬ್ಬೆರಳಲ್ಲಿ ಒತ್ತಿದರು.
ಅಪ್ಪ ಹೋದ ಮೇಲೆ ನನಗೆ ಈ ಕೆಲಸ ಕಲಿಸಿದ ಹೆಬ್ಬೆರಳು.
‘ಮೂರನೇದು ಸ್ವಲ್ಪ ಸೋಮಾರಿ, ನೋಡು.’

ಗೇಜು ಬೇರೆ ಹೇಳಿತ್ತು. ಮೂರನೆಯದು ಸರಿಯಾಗೇ ಇತ್ತು.
ಎಂಟನೆಯದು ಎರಡು ಕಿಲೋ ಕಮ್ಮಿ.
ಹೂಂ ಚಾಚಾ, ಎಂದೆ.
ಅವರು ಅಸರ್ ನಮಾಜಿಗೆ ಹೋದಾಗ
ಎಂಟನೆಯದರ ಕೆಳಗೆ ಅರ್ಧ ಮಿಲಿ ಶಿಮ್ ಇಟ್ಟೆ.
ಡೆನ್ಜಿಲ್ ನೋಡಿದ. ಏನೂ ಕೇಳಲಿಲ್ಲ,
ಒಳ್ಳೇ ಹುಡುಗ.

ಒಂಬತ್ತಕ್ಕೆ ಎಂಜಿನ್ನು ಕೂಗಿತು. ಏಳು ಸಾವಿರ, ಏಳೂವರೆ.
ಎದುರಿನ ಟೈರಂಗಡಿಯವನು ಬೈಯಲು ಬಂದವನು
ಬಾಗಿಲಲ್ಲೇ ನಿಂತು ಕೇಳಿಸಿಕೊಂಡ.
ಚಾಚಾ ನನ್ನ ಕಡೆ ತಿರುಗಿ, ಮೂರನೇದು, ಎಂದರು.
ಮೂರನೇದು, ಎಂದೆ.

ಎಲ್ಲರೂ ಹೋದ ಮೇಲೆ ದೀಪ ಆರಿಸಿದೆ.
ನಮ್ಮ ಶಟರಿನ ಸ್ಪ್ರಿಂಗು ಹೋಗಿ ಎರಡು ವರ್ಷ.
ಎಳೆದರೆ ಧಡಾರನೆ ಬೀಳುತ್ತದೆ, ಬೆಳಗ್ಗೆ ಎತ್ತಲು ಇಬ್ಬರು ಬೇಕು.
ಯಾವತ್ತಿನ ಹಾಗೆ ಮೊಣಕಾಲು ಕೊಟ್ಟು,
ತಡೆದು ತಡೆದು ಇಳಿಸಿದೆ.