ಹಿಮ್ಮಡಿ ಕಲ್ಲು

ಎತ್ತಿ ನೋಡು ದಸ್ತಗೀರ್, ಕಲ್ಲೇ ಅದು.
ಆದರೆ ರಸ್ಕಿನಷ್ಟು ಹಗುರ.
ಮೈಯೆಲ್ಲ ತೂತು, ಸುಟ್ಟ ಕೆಂಪು.
ನಮ್ಮ ಕಿಟ್ಟದ ಗುಡ್ಡೆಯಿಂದ ಕದ್ದು ತಂದೆನೆಂದು
ಗೇಟಿನ ವಾಚ್‌ಮನ್ ನನ್ನ ಚೀಲ ಮುಟ್ಟಿ ನೋಡಿದ.

ಇದು ಫ್ರಾನ್ಸಿನ ಒಂದು ಹಳ್ಳಿಯದು.
ಊರ ಹೆಸರು ನನ್ನ ಬಾಯಲ್ಲಿ ಹೊರಳಲಿಲ್ಲ,
ಅರ್ಧ ಮೂಗಿನಲ್ಲೇ ಉಳಿಯಿತು.
ಹನ್ನೆರಡು ಡೊಳ್ಳು, ಹನ್ನೆರಡು ಜನ;
ವಿಮಾನದವರ ತಕ್ಕಡಿಯ ಮುಂದೆ ಮೈಲಾರಿ
ತೊಗಲು ಬಿಚ್ಚಿ ಸೊಂಟಕ್ಕೆ ಸುತ್ತಿಕೊಂಡ ಕಥೆ
ಆಮೇಲೆ ಹೇಳುತ್ತೇನೆ.

ಅಲ್ಲಿ ಮನೆ ಕಪ್ಪು, ಚರ್ಚು ಕಪ್ಪು, ದನದ ಬಾನಿ ಕಪ್ಪು.
ಊರಿಗೇ ಬೆಂಕಿ ಬಿದ್ದಿರಬೇಕು ಅಂದುಕೊಂಡೆ.
ಬಿದ್ದಿತ್ತಂತೆ,
ಏಳೆಂಟು ಸಾವಿರ ವರ್ಷದ ಹಿಂದೆ.

ನಮ್ಮನ್ನು ಇಳಿಸಿಕೊಂಡಿದ್ದ ಮುದುಕಿ, ಮಾರ್ತ್ ಅಂತ,
ಗಾಡಿ ಚಕ್ರದಷ್ಟು ಚೀಸು ಮಾಡುವವಳು,
ಗಂಬೂಟು ಕೊಟ್ಟಳು, ಕೋಲು ಕೊಟ್ಟಳು,
ಗುಡ್ಡ ಹತ್ತಿಸಿದಳು.
ತುದಿಯಲ್ಲಿ ತುದಿಯೇ ಇಲ್ಲ ಮಾರಾಯ!
ಬಾಣಲೆ. ಹುಲ್ಲು ಬೆಳೆದ ಬಾಣಲೆ.
ತಳದಲ್ಲಿ ನಾಲ್ಕು ಕೆಂದ ಹಸು
ಕುಲುಮೆಯ ಹೊಟ್ಟೆಯೊಳಗೆ ಇಳಿದು ಮೇಯುತ್ತಿವೆ
ಕೊರಳ ಗಂಟೆ ಸಮೇತ.

ಅವಳು ಅಂಗೈ ಕೆನ್ನೆಗೆ ಒತ್ತಿ ಕಣ್ಣು ಮುಚ್ಚಿದಳು:
ಮಲಗಿದೆ.
ನಾನು ಐದೂ ಬೆರಳು ಮೇಲಕ್ಕೆ ಚಿಮ್ಮಿಸಿದೆ:
ಏಳುತ್ತದೆಯೆ?
ಹೆಗಲು ಕುಣಿಸಿದಳು, ತುಟಿ ಉಬ್ಬಿಸಿ ಪುಸ್ಸೆಂದಳು.
ಹೌದಿಗೂ ಇಲ್ಲಕ್ಕೂ ಆ ಊರಲ್ಲಿ ಅದೇ ಮಾತು.

ಹುಲ್ಲಿಗೆ ಕಿವಿಯಿಟ್ಟೆ,
ಹದ ನೋಡುವಾಗ ತೊಗಲಿಗೆ ಇಡುತ್ತೇವಲ್ಲ, ಹಾಗೆ.
ಏನಿಲ್ಲ. ಹಸುವಿನ ಹಲ್ಲಿನ ಕರಕರ.
ಆಗ ನೆನಪಿಗೆ ಬರಬೇಕಾದದ್ದು ಬೀರೇದೇವರು.
ಬಂದದ್ದು ನಮ್ಮ ಎರಡನೇ ನಂಬರಿನ ಕುಲುಮೆ:
ಅದು ಬಾಯಿ ಬಿಚ್ಚಿದ ರಾತ್ರಿ ಭದ್ರಾವತಿಯ ಆಕಾಶ ಕೆಂಪಾಗಿ,
ಸೇತುವೆಯಾಚೆಯ ಕೋಳಿಗಳು ಬೆಳಗಾಯಿತೆಂದು ಕೂಗಿ
ಬೈಸಿಕೊಳ್ಳುತ್ತಿದ್ದವು,
ಕರೆಂಟು ಹೋದಾಗ ಆ ಬೆಳಕಲ್ಲೇ ನಿನ್ನ ಮೆಹಬೂಬಿ
ಅಕ್ಕಿಯೊಳಗಿನ ಕಲ್ಲು ಆರಿಸುತ್ತಿದ್ದಳು.

ಸಂಜೆ ಚರ್ಚಿನ ಅಂಗಳದಲ್ಲಿ ಬಾರಿಸಿದೆವು.
ಜನ ಚಪ್ಪಾಳೆ ನಮಗೆ ತಟ್ಟಿದರು,
ನಾನು ಬಾರಿಸಿದ್ದು ಗುಡ್ಡಕ್ಕೆ.
ಎದ್ದರೆ ಏಳಲಿ ಅಂತ. ಮತ್ತೆ,
ಬೇಡಪ್ಪ, ಹಸುಗಳಿವೆ ಅಂತ.
ಕೋಲು ಮುರಿಯಿತು. ಬೆರಳಲ್ಲಿ ಮುಗಿಸಿದೆ.

ನಮ್ಮ ಕುಲುಮೆಯ ಬಾಯಲ್ಲೂ ಅತ್ತಿಸಸಿ ಹುಟ್ಟಿದೆಯಂತೆ,
ಸೆಕ್ಯುರಿಟಿಯವನ ಮೇಕೆಗೆ ಎಟುಕುತ್ತಿಲ್ಲವಂತೆ.
ಮೂವತ್ತೊಂದು ವರ್ಷ ಅದರ ಜ್ವರ ನೋಡಿದವನು ನೀನು,
ಹೇಳು ದಸ್ತಗೀರ್,
ಮಲಗಿದೆಯೋ, ಹೋಗಿಬಿಟ್ಟಿದೆಯೋ?

ಹೆಗಲು ಕುಣಿಸಬೇಡ.

ಸರಿ, ಟೀ ಆರುತ್ತಿದೆ. ಕೊಡು ಇಲ್ಲಿ ಕಲ್ಲು.
ಮಾಳಮ್ಮ ಹಿಮ್ಮಡಿ ಉಜ್ಜಲು ಇಟ್ಟುಕೊಂಡಿದ್ದಾಳೆ,
ಸಂತೆಯಿಂದ ಅವಳು ಬರುವಷ್ಟರಲ್ಲಿ
ಬಚ್ಚಲಿಗೆ ಸೇರಿಸಬೇಕು.
ಒಂದು ಕಡೆ ಇನ್ನೂ ಒದ್ದೆ, ನೋಡಿದೆಯಾ,
ಕುಡಿದ ನೀರು ಬೇಗ ಬಿಡುವುದಿಲ್ಲ ಇದು.