ಕಾಲು ಕಾಣದ ಹಕ್ಕಿ

ಹೆಲ್ದೂರ್ ಮತ್ತೊಂದು ಪಟ ಕಳಿಸಿದ್ದಾನೆ.
ಆಲ್ಡರ್ ಮರದ ಕೊಂಬೆ, ಕೊಂಬೆಗಿಂತ ಹೆಚ್ಚು ಮಂಜು,
ಮಂಜಿನೊಳಗೆ ಹೆಬ್ಬೆರಳಲ್ಲಿ ಒರೆಸಿದಂಥ
ಚೂರು ಹಳದಿ, ಚೂರು ಹಸಿರು.
ಕೆಳಗೆ ಒಂದೇ ಸಾಲು: ಮೈಮು, ಇದು ಯಾವುದು?

ಸಾರೆಮಾ ದ್ವೀಪದ ತೆಂಕಣ ತುದಿ, ಸೆಪ್ಟೆಂಬರು.
ಇಲ್ಲಿಂದಾಚೆ ಬರೀ ನೀರು. ದಾಟುವ ಮುನ್ನ
ಹಕ್ಕಿಗಳು ಪೊದೆಗಳಲ್ಲಿ ಸುಧಾರಿಸಿಕೊಳ್ಳುತ್ತವೆ.
ಹೋದವುಗಳ ಹೆಸರು ಬರೆದಿಡುವುದು
ನನ್ನ ಕೆಲಸ.

ತೋಪಿನ ಎಲೆಹಕ್ಕಿ, ಪುಟ್ಟ ಎಲೆಹಕ್ಕಿ.
ಅದೇ ಕುಪ್ಪಸ, ಅದೇ ಮಾಸಲು ಹುಬ್ಬು,
ಎರಡು ಹಾಳೆ ಕಾಗದದಷ್ಟು ಭಾರ.
ಒಂದರ ಕಾಲು ಒಣಹುಲ್ಲಿನ ಬಣ್ಣ,
ಇನ್ನೊಂದರದು ಉರಿದು ಆರಿದ ಬೆಂಕಿಕಡ್ಡಿ.
ಹೆಚ್ಚುಕಮ್ಮಿ ಅಷ್ಟೇ ವ್ಯತ್ಯಾಸ.
ಆ ಅಷ್ಟರ ಮೇಲೆ ಸರಿಯಾಗಿ
ಎಲೆಯೊಂದು ಬಾಗಿ ಕೂತಿದೆ.

ವಸಂತವಾಗಿದ್ದರೆ ಬಾಯಿ ಬಿಟ್ಟರೆ ಬಣ್ಣಗೇಡು:
ಒಂದು, ಮೆಟ್ಟಿಲಿಳಿಯುವ ಮಗುವಿನ ಹಾಗೆ
ಮೇಲಿಂದ ಕೆಳಕ್ಕೆ ಹಾಡುತ್ತ ಬರುತ್ತದೆ;
ಇನ್ನೊಂದು ಬಡ್ಡಿಯವನ ಹಾಗೆ
ಸಿಲ್ಕ್ ಸೊಲ್ಕ್, ಸಿಲ್ಕ್ ಸೊಲ್ಕ್, ಚಿಲ್ಲರೆ ಎಣಿಸುತ್ತದೆ.
ಈಗ ಎರಡೂ ಮೌನ.
ಪಟವಂತೂ ಎಂದಿನಿಂದಲೂ ಮೂಕ.

ಹಿಗ್ಗಿಸಿದೆ. ಹಕ್ಕಿ ಚೌಕಗಳಾಯಿತು.
ಇನ್ನೂ ಹಿಗ್ಗಿಸಿದೆ. ಪರದೆ ತುಂಬ ಒಂದೇ ಚೌಕ,
ಸಾಸಿವೆ ಹೂವಿನ ಹಳದಿ, ಯಾರದೂ ಅಲ್ಲದ ಹಳದಿ.
ರೆಕ್ಕೆಯ ಉದ್ದ ಅಳೆಯೋಣವೆಂದರೆ
ಅಂಚು ಮೂರು ಕಡೆ ಇದೆ.
ನಲವತ್ತು ವರ್ಷ ದೋಣಿಯ ಎಂಜಿನ್ ನೋಡಿಕೊಂಡವನು ಹೆಲ್ದೂರ್;
ಎಂಜಿನ್ ಗುಜರಿಗೆ ಹೋಯಿತು,
ಅದರ ಅದುರು ಇವನ ಮಣಿಕಟ್ಟಿನಲ್ಲಿ ಉಳಿಯಿತು.
ಇವನು ತೆಗೆದ ಹಕ್ಕಿಗಳೆಲ್ಲ
ಎಡಕ್ಕೆ ತುಸು ಸೋರಿರುತ್ತವೆ.
ಸಾವಿರ ಪಟ ಬೆರೆಸಿಟ್ಟರೂ ಆ ಕೈ ಯಾರದೆಂದು ಹೇಳಬಲ್ಲೆ.
ಹಕ್ಕಿಯ ಮಾತು ಬೇರೆ.

ಕಾಫಿ ಹಿಡಿದು ಬಂದ ವಿರ್ವೆ ಬಗ್ಗಿ ನೋಡಿ,
'ಈ ವಾರ ಹತ್ತಕ್ಕೆ ಏಳು ತೋಪಿನದೇ,
ಬರೆದುಬಿಡಿ' ಅಂದಳು.
ಬರೆದುಬಿಡಬಹುದಿತ್ತು.
ನನ್ನಮ್ಮ, ತಂಗಿಯ ಹೆಸರು ಹಿಡಿದು ಕರೆದರೂ
ಓಗೊಡುತ್ತಿದ್ದಳು,
ಅಂಗಡಿಯವನಿಗೆ ಮುಜುಗರವಾಗದಿರಲೆಂದು.
ಹಾಗೆ ಎಷ್ಟು ಉಪ್ಪುಮೀನು
ಚಿಕ್ಕಮ್ಮನ ಲೆಕ್ಕಕ್ಕೆ ಸೇರಿತೋ!

ಪುಸ್ತಕದಲ್ಲಿ ಬರೆದೆ: ಎಲೆಹಕ್ಕಿ, ಎರಡರಲ್ಲಿ ಒಂದು.
ಹೆಲ್ದೂರನಿಗೆ ಬರೆದೆ: ಕಾಲು ಕಾಣಲಿಲ್ಲ.

ರಾತ್ರಿ ಉತ್ತರ ಬಂತು:
ನನಗೆ ಕಂಡಿತ್ತು, ಕ್ಯಾಮೆರಾ ಎತ್ತುವ ಮೊದಲು.
ಬಣ್ಣ ನೋಡಲಿಲ್ಲ, ಮರೆತೆ.
ಚಳಿಗೆ ಒಂದನ್ನು ಹೊಟ್ಟೆಯೊಳಗೆ ಮಡಚಿಕೊಂಡು
ಇನ್ನೊಂದರ ಮೇಲೆ ನಿಂತಿತ್ತು.