ಟರ್ನಿಪ್ ಮುಖ

ಬಿರುಗಾಳಿ. ಸ್ಟಾರ್ನೊವೇಗೆ ಹಡಗಿಲ್ಲ,
ಹ್ಯಾಲೋವೀನ್ ಬಂದರೂ ಅಂಗಡಿಯಲ್ಲಿ ಕುಂಬಳವಿಲ್ಲ.
ಮರ್ಡೀನಾ ಅಜ್ಜಿ ಗೋಣಿಯಿಂದ ಟರ್ನಿಪ್ ತೆಗೆದಳು:
"ನಮ್ಮ ಕಾಲಕ್ಕೆ ಇದೇ."

ಕಲ್ಲಿನಂಥ ಗಡ್ಡೆ. ಎರಡು ಚಮಚ ಸೊಟ್ಟಗಾದವು.
ಟಾರ್ಕ್ವಿಲ್‌ನ ಅಂಗೈಯಲ್ಲಿ ಬೊಬ್ಬೆ.
ತಿರುಳೆಲ್ಲ ನಾಳೆಯ ಸೂಪಿಗೆ.
ಹರಿದ ಮೀನುಬಲೆ
ಬಾಗಿಲಲ್ಲಿ ಜೇಡನದಾಯಿತು.

ಮೂಗಿನ ಹತ್ತಿರ ಚಾಕು ಜಾರಿತು.
"ಹಾಳಾಯ್ತು" ಅಂದ ಹುಡುಗ.
ಸೊಟ್ಟ ಮೂಗು, ಮೇಲೊಂದೇ ಹಲ್ಲು.
ಅಜ್ಜಿ ನೋಡಿದಳು, ನೋಡಿದಳು,
ಒಳಗೆ ಹೋಗಿ ಪೈಪು ತಂದು
ಅದರ ಬಾಯಿಗಿಟ್ಟಳು.

ಮುಖವಾಡದ ಮಕ್ಕಳು ಯಾರೂ ಹೆದರಲಿಲ್ಲ.
"ಅರೆ, ನಿಮ್ಮಜ್ಜ!"
ಕೈಬೀಸಿ, ಸೇಬು ಇಸ್ಕೊಂಡು ಹೋದರು.

ತಡರಾತ್ರಿ, ಬತ್ತಿ ಊದುವ ಮುಂಚೆ,
ಸುಟ್ಟ ಗಡ್ಡೆಯ ಹೊಗೆಗೆ ಮೂಗು ಮುಚ್ಚಿ
ಅಜ್ಜಿ ಗೊಣಗಿದಳು:
"ಆಗಲೂ ಹೀಗೇ,
ಮನೆಯೆಲ್ಲ ನಾತ."